ಬಣ್ಣ ಬಾರದ ಪೆಟ್ಟಿಗೆ

ಜೆಲ್ಲಿನ ಬಾಟಲಿಯನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡುತ್ತೇನೆ.
ಬಂದವನ ವಯಸ್ಸು ಆರು ದಿನ.
ಹೆಸರಿನ್ನೂ ಇಟ್ಟಿಲ್ಲ, ಚೀಟಿಯಲ್ಲಿ ತಾಯಿಯದ್ದೇ:
ಹರಿಣಾಕ್ಷಿಯ ಗಂಡುಮಗು, ನಾಲ್ಕು ಕಿಲೋ ನೂರು,
ಹೆರಿಗೆಯಲ್ಲಿ ಭುಜ ಸಿಕ್ಕಿಕೊಂಡಿತ್ತು,
ನೀಲಿ ದೀಪದಡಿ ಮೂರು ರಾತ್ರಿ ಮಲಗಿಸಿದರೂ
ಮೈಯ ಅರಸಿನ ಇಳಿದಿಲ್ಲ.

ಕಾಸರಗೋಡಿನ ಹಳೇ ಬಸ್‌ಸ್ಟ್ಯಾಂಡಿನ ಹಿಂದೆ
ಎರಡನೇ ಮಾಳಿಗೆಯ ಕತ್ತಲೆ ಕೋಣೆ.
ಹೊರಗೆ ಟೋಕನ್ ಕರೆಯುವುದು ಮಲಯಾಳದಲ್ಲಿ,
ಅಜ್ಜಿ ಗೊಣಗುವುದು ತುಳುವಿನಲ್ಲಿ,
ನಾನು ಹೇಳುವುದು ಕನ್ನಡದಲ್ಲಿ, ಬರೆಯುವುದು ಇಂಗ್ಲಿಷಿನಲ್ಲಿ.
ಇವುಗಳ ನಡುವೆ ಎಲ್ಲೋ ಒಂದು ತಪ್ಪು ಪದ
ಕಾದು ಕುಳಿತಿರುತ್ತದೆ, ನನಗೆ ಗೊತ್ತು.

ಪ್ರೋಬನ್ನು ಬಲ ಪಕ್ಕೆಗೆ ತಾಗಿಸಿದೆ.
ಲಿವರು ಸರಿ. ಮೂತ್ರಪಿಂಡವೂ ಸರಿ,
ಆದರೆ ಯಾರೋ ಮೇಲಿನಿಂದ ಅಮುಕಿದಂತೆ ತಲೆ ತಗ್ಗಿಸಿದೆ.
ಅದರ ನೆತ್ತಿಯ ಮೇಲೆ ಅಡ್ರಿನಲ್ ಇರಬೇಕು,
ಎಳೆಗೂಸಿನಲ್ಲಿ ಅದು ದೊಡ್ಡದು, ಚಂದದ್ದು,
ಕಪ್ಪು ಅಂಚಿನೊಳಗೆ ಬಿಳಿ ಎಳೆ,
ಕವಲೊಡೆದ ಕಡ್ಡಿಯ ಹಾಗೆ.
ಎಡಗಡೆ ಹಾಗೇ ಇದೆ.
ಬಲಗಡೆ ಕವಲಿಲ್ಲ. ಉಂಡೆ.
ಮೂರು ಪಾಯಿಂಟ್ ಎಂಟು ಸೆಂಟಿಮೀಟರ್.

"ಎಂತ ಉಂಟು ಡಾಕ್ಟ್ರೇ?"
ಅಜ್ಜಿ ಅಪ್ಪಿಯಕ್ಕ ಬೀಡಿ ಕಟ್ಟುವವಳು,
ಹೆಬ್ಬೆರಳ ಉಗುರಿಗೆ ಹೊಗೆಸೊಪ್ಪಿನ ಬಣ್ಣ.
"ಕಿಡ್ನಿ ತಲೆಗೆ ಹಾಕಿಕೊಳ್ಳುವ ಮುಟ್ಟಾಳೆ ಅಂತ ಇಟ್ಟುಕೊಳ್ಳಿ,
ಅದರೊಳಗೆ ಎಂತದೋ ತುಂಬಿದೆ."
"ಎಂತದೋ ಅಂದರೆ?"

ಅದೇ ಪ್ರಶ್ನೆ.
ನೆತ್ತರೂ ಉಂಡೆ, ಗಡ್ಡೆಯೂ ಉಂಡೆ,
ಬೂದು ಪರದೆಯಲ್ಲಿ ಎರಡಕ್ಕೂ ಒಂದೇ ಬಟ್ಟೆ.
ಹನ್ನೊಂದು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಹೊಸತು,
ಇಂಥದೇ ಒಂದಕ್ಕೆ 'ಗಡ್ಡೆ ಇರಬಹುದು' ಎಂದು ಬರೆದಿದ್ದೆ.
ತಲಪಾಡಿ ದಾಟಿಸಿ ಮಂಗಳೂರಿಗೆ ಕೊಂಡುಹೋದರು, ಕೊಯ್ದರು.
ಒಳಗಿದ್ದದ್ದು ಹೆಪ್ಪುಗಟ್ಟಿದ ಹಳೇ ನೆತ್ತರು.
ಹುಡುಗಿ ಚೆನ್ನಾಗಿದ್ದಾಳೆ. ಮೊನ್ನೆ ಚೆರ್ಕಳದ ಬಸ್ಸಿನಲ್ಲಿ
ಯೂನಿಫಾರ್ಮಿನಲ್ಲಿ ಕಂಡಳು. ಅವಳಮ್ಮ ನಕ್ಕು
ಸರಿದು ಜಾಗ ಕೊಟ್ಟರು.
ಆ ಅಂಗಿಯೊಳಗೆ ಎಲ್ಲೋ ಇದೆ
ನನ್ನ ಒಂದು ವಾಕ್ಯದಷ್ಟುದ್ದದ ಗಾಯದ ಗೆರೆ.
ನಾನು ನಿಂತೇ ಬಂದೆ.

ಡಾಪ್ಲರ್ ಒತ್ತಿದೆ. ಪರದೆಯ ಮೇಲೆ ಪುಟ್ಟ ಪೆಟ್ಟಿಗೆ.
ಎಳೆದು ಉಂಡೆಯ ಮೇಲೆ ತಂದಿಟ್ಟೆ.
ಪಕ್ಕದ ಮೂತ್ರಪಿಂಡದಲ್ಲಿ ಕೆಂಪು, ನೀಲಿ,
ಹೋಗುವ ನೆತ್ತರು, ಬರುವ ನೆತ್ತರು.
ಉಂಡೆಯಲ್ಲಿ ಏನೂ ಇಲ್ಲ.
ಗೇನ್ ಏರಿಸಿದೆ. ಮಗು ಕಾಲು ಒದೆಯಿತು,
ಪೆಟ್ಟಿಗೆ ತುಂಬ ಬಣ್ಣ ಚೆಲ್ಲಿ
ನನ್ನ ಕೈ ತಣ್ಣಗಾಯಿತು.
ಹರಿಣಾಕ್ಷಿ ಬಗ್ಗಿ ಅದರ ಕಿವಿಯಲ್ಲಿ ಏನೋ ಅಂದಳು.
ಅಳು ನಿಂತಿತು. ಮತ್ತೆ ಬರೀ ಬೂದು.

ಹರಿಯುವ ನೆತ್ತರಿಗೆ ಇಲ್ಲಿ ಬಣ್ಣ ಉಂಟು,
ಚೆಲ್ಲಿ ನಿಂತದ್ದಕ್ಕೆ ಇಲ್ಲ.
ಆದರೆ ಬಣ್ಣ ತೋರಿಸದ ಗಡ್ಡೆಗಳೂ ಇರುತ್ತವೆ.

ಬರೆದೆ: ರಕ್ತಸ್ರಾವದ ಸಾಧ್ಯತೆ ಹೆಚ್ಚು.
ಮೂತ್ರದ ಪರೀಕ್ಷೆ ಒಂದು ಮಾಡಿಸಿ.
ಕತ್ತರಿ ಸದ್ಯ ಬೇಡ. ಹತ್ತು ದಿನ ಬಿಟ್ಟು ನೋಡೋಣ.
ಆ 'ನೋಡೋಣ'ವನ್ನು ಇಂಗ್ಲಿಷಿನಲ್ಲಿ ಬರೆಯಲು
ಬಹಳ ಹೊತ್ತು ಹಿಡಿಯಿತು.

ಹತ್ತನೇ ದಿನ ನಡುವೆ ಕಪ್ಪು, ಬಾವಿಯ ನೀರಿನಂತೆ.
ಮೂರು ಪಾಯಿಂಟ್ ಒಂದು.
"ಬೀಡಿಯಷ್ಟುದ್ದವಾ?" ಅಪ್ಪಿಯಕ್ಕ ಬೆರಳು ತೋರಿಸಿದಳು.
"ಬೀಡಿಗಿಂತ ಗಿಡ್ಡ."
ಮುಂದಿನ ಸಲ ಅದರ ಅರ್ಧ. ಅಷ್ಟರಲ್ಲಿ ಹೆಸರು ಬಂದಿತ್ತು, ಶ್ರೀನಿಶ್,
ಮೈಯ ಅರಸಿನವೂ ಹೋಗಿತ್ತು.

ನಾಲ್ಕನೇ ತಿಂಗಳಿಗೆ ಉಳಿದದ್ದು ಒಂದು ಬಿಳಿ ನುಚ್ಚು,
ಹಿಂದೆ ಸಣ್ಣ ಕಪ್ಪು ನೆರಳು. ಸುಣ್ಣ ಕಟ್ಟಿದ ನೆತ್ತರು.
"ಇದು ಹೋಗುವುದಿಲ್ಲವಾ?"
"ಇಲ್ಲ. ಇದ್ದರೂ ತೊಂದರೆ ಇಲ್ಲ."
ಮಗುವಿನ ಹೊಟ್ಟೆ ಒರೆಸುತ್ತ ಅಪ್ಪಿಯಕ್ಕ ಕೇಳಿದಳು:
"ಮೊದಲನೇ ದಿನವೇ ಗೊತ್ತಿತ್ತಾ ನಿಮಗೆ?"

ಇಲ್ಲ, ಎಂದೆ.
ಅವಳಿಗೆ ಕೇಳಿಸಿತೋ ಇಲ್ಲವೋ ಎಂದು
ತುಳುವಿನಲ್ಲೂ ಹೇಳಿದೆ: ಇಜ್ಜಿ.